ಕೈಬೆಂಚು

ಜನವರಿ ೧೪

ಪ್ರೀತಿಯ ಟೀಚರಮ್ಮ,

ನಿಮ್ಮ ಹೊಸ ವರ್ಷದ ಕಾಗದ ಬಂದಾಗ ನಾನು ಕಾರ್ಖಾನೆಯಲ್ಲಿ ಮೊಣಕೈ ತನಕ ಅಂಟು ಬಳಿದುಕೊಂಡು ನಿಂತಿದ್ದೆ. ಊಟದ ಬಿಡುವಿನಲ್ಲಿ ಓದಿದೆ. ‘ಹಾಸ್ಟೆಲಿನಲ್ಲಿ ನನಗೊಬ್ಬ ಸಹಾಯಕಿ ಬೇಕು, ಪ್ರಾರ್ಥನೆಗೆ ಕೂತಾಗಲೆಲ್ಲ ಕರ್ತನು ನಿನ್ನ ಮುಖವನ್ನೇ ನನ್ನ ಕಣ್ಣ ಮುಂದೆ ತರುತ್ತಾನೆ’ ಎಂದು ಬರೆದಿದ್ದೀರಿ. ಆ ಸಾಲನ್ನು ಓದಿ ಓದಿ ಬಿಡುವು ಮುಗಿದ ಗಂಟೆಯೂ ಗೊತ್ತಾಗಲಿಲ್ಲ. ‘ಇಲ್ಲಿ ಗಂಟೆ ಕೇಳಿಸದೇ ಇರೋರು ಬೇಕಾದಷ್ಟಿದಾರೆ, ಕೇಳಿಸಿಯೂ ಏಳದೇ ಇರೋಳು ನೀನೊಬ್ಬಳೇ’ ಎಂದು ಮೇಸ್ತ್ರಿ ಬೈದ.

ನೀವು ಸಂಡೇ ಸ್ಕೂಲು ಬಿಟ್ಟು ಅಷ್ಟು ದೂರದ ಮಿಷನ್ ಆಸ್ಪತ್ರೆಗೆ ಹೋದ ಮೇಲೆ ಇಲ್ಲಿ ಏನೇನು ಬದಲಾಯಿತು ಎಂದು ಕೇಳಿದ್ದೀರಿ. ಏನೂ ಇಲ್ಲ. ರಟ್ಟಿನ ಪೆಟ್ಟಿಗೆ ಮಾಡುವ ಅದೇ ಕಾರ್ಖಾನೆ, ರಟ್ಟು ಕತ್ತರಿಸುವ ಅದೇ ಯಂತ್ರ. ಅದರ ಗದ್ದಲ ತಡೆಯಲಾರದೆ ಬಂದವರೆಲ್ಲ ವಾರದೊಳಗೆ ಓಡಿಹೋಗುತ್ತಾರೆ. ಅದಕ್ಕೇ ಮಾಲೀಕರು ಕಿವಿ ಕೇಳಿಸದವರನ್ನೇ ಹುಡುಕಿ ಇಟ್ಟುಕೊಳ್ಳುತ್ತಾರೆ. ಅಮ್ಮ ನಾನು ಹುಟ್ಟುವ ಮುಂಚಿನಿಂದಲೂ ಅಲ್ಲೇ. ಈಗ ನಾನೂ ಅಲ್ಲೇ. ಮೇಸ್ತ್ರಿ ಬಾಯಲ್ಲಿ ಹೇಳಿದ್ದನ್ನು ಅವರಿಗೆಲ್ಲ ಕೈಯಲ್ಲಿ ಹೇಳಬೇಕು, ಉಳಿದ ಹೊತ್ತು ಅಂಟು ಹಚ್ಚಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನನ್ನದು ಎರಡೂ ಕೆಸರೇ.

ಭಾನುವಾರವಾದರೂ ಬಿಡುಗಡೆಯೇ? ಚರ್ಚಿನ ಎಡಗಡೆಯ ಮುಂದಿನ ಬೆಂಚು ನೆನಪಿದೆಯಾ, ಮಕ್ಕಳೆಲ್ಲ ಕೈಬೆಂಚು ಎನ್ನುತ್ತಿದ್ದದ್ದು? ಅಮ್ಮ, ಇಸ್ತ್ರಿ ಮಾವ, ಕಾರ್ಖಾನೆಯ ಆ ಗಂಡ-ಹೆಂಡತಿ, ಹಣ್ಣಿನ ಅಜ್ಜಿ, ಕಿವಿ ಕೇಳಿಸದ ಆ ಐದೂ ಜನ ಈಗಲೂ ಅಲ್ಲೇ ಕೂರುತ್ತಾರೆ. ಅವರ ಎದುರಿಗೆ, ಪಾದ್ರಿ ಅಯ್ಯನವರು ಉಪದೇಶ ಮಾಡುವ ಪ್ರಸಂಗಪೀಠಕ್ಕೆ ಬೆನ್ನು ಹಾಕಿ ನಾನು ನಿಲ್ಲುತ್ತೇನೆ. ಹಿಂದಿನಿಂದ ಅಯ್ಯನವರ ಪ್ರಸಂಗ ಕಿವಿಗೆ ಬೀಳುತ್ತದೆ, ಕೈಯಿಂದ ಹೊರಗೆ ಹೋಗುತ್ತದೆ. ನಡುವೆ ನನಗೆಂದು ಏನೂ ಉಳಿಯುವುದಿಲ್ಲ ಟೀಚರಮ್ಮ. ಒಂಬತ್ತು ವರ್ಷದವಳಿದ್ದಾಗ ಸ್ಟೂಲಿನ ಮೇಲೆ ಹತ್ತಿಸಿ ನಿಲ್ಲಿಸಿದ್ದರು. ಸ್ಟೂಲಿನಿಂದ ಇಳಿದೆ, ಆ ಜಾಗದಿಂದ ಇಳಿಯಲಿಲ್ಲ.

ದೇವಾಲಯದಲ್ಲಿ ಮಲಗಿದ್ದ ಹುಡುಗನ ಪಾಠ ನೀವು ಮಾಡಿದ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾರೋ ಹೆಸರು ಹಿಡಿದು ಕರೆಯುತ್ತಾರೆ, ಹುಡುಗ ಮುದಿ ಯಾಜಕನ ಹತ್ತಿರ ಓಡುತ್ತಾನೆ, ‘ನಾನು ಕರೆಯಲಿಲ್ಲ, ಹೋಗಿ ಮಲಗು’ ಎನ್ನುತ್ತಾನೆ ಮುದುಕ. ಕರೆಯುತ್ತಿರುವುದು ದೇವರೆಂದು ಆಮೇಲೆ ತಾನೇ ಗೊತ್ತಾಗುವುದು? ಆವತ್ತು ನೀವು ನನ್ನ ತಲೆ ಮೇಲೆ ಕೈಯಿಟ್ಟು, ‘ಈ ಗುಬ್ಬಿಯನ್ನೂ ಕರ್ತನು ಒಂದು ದಿನ ಕರೆಯುತ್ತಾನೆ, ಇವಳಿಗೊಂದು ದೊಡ್ಡ ಕೆಲಸ ಇಟ್ಟಿದ್ದಾನೆ’ ಎಂದಿರಿ. ಆಗಿನಿಂದ ಕಾಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ದೊಡ್ಡ ಕೆಲಸವೇ ಬೇಕೆಂಬ ಹಟ ಈಗಿಲ್ಲ. ಯಾರಿಗೂ ನನ್ನ ಕೈ ಬೇಡದ ಒಂದು ಜಾಗ ಸಿಕ್ಕರೆ ಸಾಕಾಗಿದೆ.

ಬರುವ ಆಸೆ ಬಹಳ ಇದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಿಮ್ಮ
ಗುಬ್ಬಿ


ಜನವರಿ ೨೯

ನನ್ನ ಗುಬ್ಬಿ,

ಕರ್ತನಿಗೆ ಸ್ತೋತ್ರ! ನಿನ್ನ ಕಾಗದ ಓದಿ ಮೊಣಕಾಲೂರಿದೆ. ನಾನು ಆವತ್ತು ಆಡಿದ ಮಾತನ್ನು ಆತನು ನೆಲಕ್ಕೆ ಬೀಳಗೊಡಲಿಲ್ಲ.

ಅಮ್ಮನಿಗೆ ಹೇಗೆ ಹೇಳಲಿ, ಬೆಂಚನ್ನು ಹೇಗೆ ಬಿಡಲಿ ಎಂದು ಒದ್ದಾಡುತ್ತಿದ್ದೀಯೆ. ಆ ಇಬ್ಬರು ಬೆಸ್ತರನ್ನು ನೆನೆದುಕೋ ಮಗಳೇ. ಆತನು ಕರೆದಾಗ ‘ಬಲೆ ಒಣಗಿಸಿ ಬರುತ್ತೇವೆ’ ಎಂದರೇ? ದೋಣಿಯಲ್ಲಿ ಅಪ್ಪನನ್ನು ಕೂತಲ್ಲೇ ಬಿಟ್ಟು ನಡೆದುಬಿಟ್ಟರು. ಅಪ್ಪನ ಗತಿ ಏನಾಯಿತೆಂದು ಸುವಾರ್ತೆ ಹೇಳುವುದಿಲ್ಲ. ಅದನ್ನು ಆತನು ನೋಡಿಕೊಂಡಿರುತ್ತಾನೆ.

ನಮ್ಮ ಆಸ್ಪತ್ರೆಯನ್ನು ನೀನು ನೋಡಬೇಕು. ಸುಣ್ಣ ಬಳಿದ ಉದ್ದನೆಯ ಕಟ್ಟಡ, ಎದುರಿಗೆ ಮರಗಳ ಸಾಲು. ಬೆಳಿಗ್ಗೆ ನರ್ಸಿಂಗ್ ಹುಡುಗಿಯರು ಹಾಡಿಕೊಂಡು ವಾರ್ಡಿಗೆ ಹೋಗುತ್ತಾರೆ. ರೋಗಿಗಳ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡುವ ಭಾಗ್ಯ ನಿನಗೆ ಸಿಗುತ್ತದೆ. ಈಚೆಗೆ ನನಗೆ ಆ ಕಡೆ ಹೋಗಲಾಗುತ್ತಿಲ್ಲ. ಹಾಸ್ಟೆಲಿನ ಬಾಗಿಲು, ಬೀರು, ಉಗ್ರಾಣ ಎಲ್ಲದರ ಬೀಗದ ಕೈ ನನ್ನ ಸೊಂಟದಲ್ಲೇ ನೇತಾಡುವುದರಿಂದ ಅತ್ತಿತ್ತ ಅಲುಗುವ ಹಾಗಿಲ್ಲ. ನೀನು ಬಂದರೆ ಅದೆಲ್ಲ ಹಗುರಾಗುತ್ತದೆ.

ಏಪ್ರಿಲ್ ಮೊದಲ ವಾರದವರೆಗೆ ಜಾಗ ಕಾದಿರಿಸಲು ದೊಡ್ಡ ಡಾಕ್ಟರಿಗೆ ಹೇಳಿದ್ದೇನೆ. ಅಷ್ಟರಲ್ಲಿ ಬೆಂಚಿಗೆ ಯಾರನ್ನಾದರೂ ತಯಾರು ಮಾಡು. ಅಮ್ಮನನ್ನು ಕರ್ತನ ಕೈಗೆ ಒಪ್ಪಿಸು.

ನಿನ್ನ
ಟೀಚರಮ್ಮ

ಮುಂದಿನ ಸಲ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆ. ಇಲ್ಲಿಯ ದೀಪ ಮಂದ.


ಫೆಬ್ರವರಿ ೧೧

ಪ್ರೀತಿಯ ಟೀಚರಮ್ಮ,

ನೋಡಿ, ಗೋಡೆಗೆ ಬರೆದ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ದೀಪ ಮಂದವಾದದ್ದಕ್ಕೆ ನನ್ನ ಕಾಗದ ಖರ್ಚು!

ಬೆಂಚಿಗೆ ಯಾರನ್ನಾದರೂ ತಯಾರು ಮಾಡು ಎಂದಿರಲ್ಲ, ಅಯ್ಯನವರ ಮಗಳನ್ನೇ ಹಿಡಿದೆ. ಪಾಪ, ಒಳ್ಳೆ ಹುಡುಗಿ, ದಿನಾ ಸಂಜೆ ಮನೆಗೆ ಬಂದು ಕಲಿತಳು. ಭಾನುವಾರ ಬರೀ ಪ್ರಾರ್ಥನೆಗೆ ನಿಲ್ಲಿಸಿದೆ. ಎಲ್ಲರೂ ತಲೆ ಬಗ್ಗಿಸಿದ್ದಾರೆ, ಕೈಬೆಂಚು ಮಾತ್ರ ಕಣ್ಣು ತೆರೆದು ನೋಡುತ್ತಿದೆ. ಅವರಿಗೆ ಕಣ್ಣು ಮುಚ್ಚಿದರೆ ಪ್ರಾರ್ಥನೆಯೇ ಇಲ್ಲವಲ್ಲ. ಇವಳು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎನ್ನಲು ಹೋಗಿ ‘ಅಟ್ಟದ ಮೇಲಿರುವ ನಮ್ಮ ಮಾವನೇ’ ಅಂದುಬಿಟ್ಟಳು. ಇಸ್ತ್ರಿ ಮಾವ ತನ್ನನ್ನೇ ಕರೆದಳೆಂದು ಎದ್ದು ನಿಂತ. ಹಣ್ಣಿನ ಅಜ್ಜಿ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ಹುಡುಗಿ ಅಳುತ್ತಾ ಹೊರಗೆ ಓಡಿದಳು, ನಾನು ಮತ್ತೆ ನನ್ನ ಜಾಗಕ್ಕೆ ಬಂದು ನಿಂತೆ. ತಪ್ಪಿಸಿಕೊಳ್ಳಲು ಒಂದು ಕಿಂಡಿ ಇತ್ತು, ಅದೂ ಮುಚ್ಚಿಹೋಯಿತು ಅನ್ನಿಸಿ ನನಗೆ ನಗುವೇ ಬರಲಿಲ್ಲ.

ಆಮೇಲೆ ಆದದ್ದನ್ನು ನಿಮಗಲ್ಲದೆ ಯಾರಿಗೂ ಹೇಳಲಾರೆ.

ಅಯ್ಯನವರು ಆವತ್ತು ಕರೆಯ ವಿಷಯವೇ ಪ್ರಸಂಗ ಮಾಡಿದರು. ದೇವರು ಕರೆದಾಗ ಯಾರು ಎಲ್ಲಿದ್ದರೋ ಅಲ್ಲೇ ಇರಲಿ, ಅಲ್ಲೇ ತೃಪ್ತಿಯಿಂದ ಸೇವೆ ಮಾಡಲಿ ಎಂದು. ಹಿಂದಿನಿಂದ ಆ ದನಿ ನನ್ನ ಬೆನ್ನಿಗೆ ಬಡಿಯುತ್ತಿತ್ತು. ‘ಅಲ್ಲೇ ಇರಿ’ ಎಂದು ಹೇಳಲು ಕೈ ಎತ್ತಿದೆ, ಕೈ ಒಪ್ಪಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಪ್ಪಲಿಲ್ಲ. ಅದರ ಬದಲು ನನ್ನ ಕೈ ಬೇರೆ ಏನೋ ಹೇಳತೊಡಗಿತು. ದೇವರ ಕರೆಗೆ ಬೆನ್ನು ಹಾಕಿ ಓಡಿಹೋಗಿ ದೊಡ್ಡ ಮೀನಿನ ಹೊಟ್ಟೆ ಸೇರಿದ ಆ ಪ್ರವಾದಿಯ ಕಥೆ. ಅದೂ ಹೊರಗಿನಿಂದಲ್ಲ, ಹೊಟ್ಟೆಯೊಳಗಿನಿಂದ. ಕಪ್ಪು ಕತ್ತಲೆ, ಗಬ್ಬು ವಾಸನೆ, ಮೈಗೆಲ್ಲ ಸುತ್ತಿಕೊಂಡ ಪಾಚಿ, ಕೂಗಿದರೆ ಯಾರಿಗೂ ಕೇಳಿಸದ ಜಾಗ. ಹಿಂದೆ ಅಯ್ಯನವರು ತೃಪ್ತಿಯ ಬಗ್ಗೆ ಹೇಳುತ್ತಿದ್ದಾರೆ, ನಾನಿಲ್ಲಿ ಮೀನಿನ ಪಕ್ಕೆಲುಬು ಒದೆಯುತ್ತಿದ್ದೇನೆ! ಅವರು ಆಮೆನ್ ಅಂದರು, ನಾನೂ ಕೈ ಇಳಿಸಿದೆ. ಪ್ರವಾದಿ ಒಳಗೇ ಉಳಿದ.

ಬೆಂಚಿನಲ್ಲಿ ಯಾರೂ ಅಲ್ಲಾಡಲಿಲ್ಲ. ಅಮ್ಮ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಹುಡುಗಿ ಓಡಿಹೋಗಿದ್ದಳು, ಅವಳನ್ನು ಬಿಟ್ಟರೆ ಚರ್ಚಿನಲ್ಲಿ ಬೇರೆ ಯಾರಿಗೂ ಕೈಮಾತು ಬಾರದ್ದರಿಂದ ಯಾರಿಗೂ ಗೊತ್ತಾಗಿಲ್ಲ. ಅವತ್ತಿನಿಂದ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ಇದು ಪಾಪವಲ್ಲವೇ ಟೀಚರಮ್ಮ?

ಗುಬ್ಬಿ


ಫೆಬ್ರವರಿ ೨೬

ಗುಬ್ಬಿ,

ನಿನ್ನ ಕಾಗದ ಓದಿದೆ. ದೇವರ ವಾಕ್ಯದ ಜೊತೆ ಆಟವೇ? ಆ ಐದು ಜನ ನಿನ್ನನ್ನೇ ನಂಬಿ ಕೂತಿದ್ದಾರೆ. ಅಯ್ಯನವರು ರೊಟ್ಟಿ ಕೊಟ್ಟರೆ ನೀನು ಕಲ್ಲು ಕೊಡುತ್ತೀಯಾ? ಇನ್ನೊಮ್ಮೆ ಹೀಗೆ ಮಾಡಬೇಡ.

ಆದರೆ ಒಂದು ಮಾತು. ನಿನ್ನ ಆತ್ಮ ಅಲ್ಲಿ ಉಸಿರು ಕಟ್ಟಿ ಸಾಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಗುರುತು ಬೇಕೇ? ನೀನು ಆ ಜಾಗ ಬಿಡುವವರೆಗೆ ಇದು ನಿಲ್ಲುವುದಿಲ್ಲ. ಅಮ್ಮನಿಗೆ ಇವತ್ತೇ ಹೇಳು. ನೀನು ಬಂದೇ ಬರುತ್ತೀಯೆ ಎಂದು ದೊಡ್ಡ ಡಾಕ್ಟರಿಗೆ ಮಾತು ಕೊಟ್ಟಾಗಿದೆ. ನಾನು ಇನ್ನೆಷ್ಟು ದಿನ ಅಂತ ಕಾಯಲಿ?

ಟೀಚರಮ್ಮ


ಮಾರ್ಚ್ ೧೪

ಪ್ರೀತಿಯ ಟೀಚರಮ್ಮ,

‘ಇನ್ನೆಷ್ಟು ದಿನ ಕಾಯಲಿ’ ಎಂದಿದ್ದೀರಿ. ನನ್ನನ್ನು ಹೀಗೆ ಕಾಯುವವರು ಈ ಲೋಕದಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ಆ ಸಾಲು ಓದಿ ಅತ್ತೆ. ಹೊರಟೆ ಟೀಚರಮ್ಮ. ಮೂವತ್ತೊಂದನೇ ತಾರೀಖು ಸೋಮವಾರದ ರೈಲಿಗೆ ಟಿಕೆಟ್ ತೆಗೆಸಿದ್ದೇನೆ.

ಮೇಸ್ತ್ರಿಗೆ ಹೇಳಿದೆ. ‘ನೀನು ಹೋದ್ರೆ ಇವರ ಮುಂದೆ ನಾನೇನು ನಾಟಕ ಆಡ್ಲಾ?’ ಎಂದು ತಲೆ ಚಚ್ಚಿಕೊಂಡ. ಅಯ್ಯನವರಿಗೆ ಹೇಳಿದೆ. ‘ಕರೆ ಬಂದಿದೆ ಅಂದ್ರೆ ತಡೆಯೋಕೆ ನಾನ್ಯಾರಮ್ಮ?’ ಅಂದರು, ಮುಖ ಮಾತ್ರ ಸಪ್ಪಗಾಯಿತು. ಆ ಕೆಟ್ಟ ಕೆಲಸ ಬಿಟ್ಟೆ ಎಂದು ಬರೆಯಬೇಕಿತ್ತು. ಸುಳ್ಳು ಹೇಳಲಾರೆ, ಬಿಟ್ಟಿಲ್ಲ. ಪ್ರತಿ ಭಾನುವಾರ ಅಯ್ಯನವರು ಏನೇ ಹೇಳಲಿ, ನನ್ನ ಕೈ ಆ ಮೀನಿನ ಹೊಟ್ಟೆಗೇ ಹೋಗುತ್ತದೆ. ಅವನನ್ನು ಹೊರಗೆ ತರಲು ಮಾತ್ರ ನನಗೆ ಬರುತ್ತಿಲ್ಲ.

ಅಮ್ಮನಿಗೂ ಹೇಳಿದೆ. ಅದನ್ನು ಹೇಗೆ ಬರೆಯಲಿ?

ನಮ್ಮ ಮನೆಯ ಜಗಳದ ಕ್ರಮ ನಿಮಗೆ ಗೊತ್ತಿಲ್ಲ. ಬೇರೆ ಮನೆಗಳಲ್ಲಿ ಮಾತು ಸಾಕಾದರೆ ಬಾಗಿಲು ಬಡಿದು ಹೋಗುತ್ತಾರೆ. ನಮ್ಮಲ್ಲಿ ದೀಪ ಆರಿಸಿದರೆ ಮುಗಿಯಿತು. ಕತ್ತಲಲ್ಲಿ ಕೈ ಕಾಣುವುದಿಲ್ಲ, ಯಾರೂ ಏನೂ ಹೇಳುವ ಹಾಗಿಲ್ಲ. ಅಪ್ಪ ಬದುಕಿದ್ದಾಗ ಇಬ್ಬರೂ ಸ್ವಿಚ್ಚಿನ ಹತ್ತಿರದ ಕುರ್ಚಿಗೆ ಪೈಪೋಟಿ ಮಾಡುತ್ತಿದ್ದರು. ಯಾರು ಆ ಕುರ್ಚಿಯಲ್ಲಿ ಕೂತರೋ ಕೊನೆಯ ಮಾತು ಅವರದು.

ಆವತ್ತು ಸಂಜೆ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಭುಜ ಮುಟ್ಟಿ ತಿರುಗಿಸಿ ಎಲ್ಲ ಹೇಳಿದೆ: ನೀವು ಕಾಗದ ಬರೆದದ್ದು, ಆಸ್ಪತ್ರೆ, ಟಿಕೆಟ್, ಕರ್ತನು ಕರೆಯುತ್ತಿರುವುದು. ಅಮ್ಮ ಕೈ ಒರೆಸಿಕೊಳ್ಳಲೂ ಇಲ್ಲ. ‘ಯಾವಾಗಿಂದ?’ ಎಂದು ಮಾತ್ರ ಕೇಳಿದಳು. ‘ಜನವರಿಯಿಂದ’ ಅಂದೆ. ಒದ್ದೆ ಕೈಯಲ್ಲೇ ಹೋಗಿ ದೀಪ ಆರಿಸಿದಳು.

ನಾನು ಹೇಳುವುದು ಇನ್ನೂ ಬಹಳ ಇತ್ತು. ಕತ್ತಲಲ್ಲಿ ಕೈ ಎತ್ತಿ ಏನು ಪ್ರಯೋಜನ? ಜೀವನದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಗಂಟಲು ಹರಿಯುವ ಹಾಗೆ ಕಿರುಚಿದೆ. ‘ನನಗೂ ಒಂದು ಬದುಕು ಬೇಡ್ವಾ, ನಾನು ಯಾರಿಗೆ ಹೇಳ್ಲಿ’ ಎಂದು. ಎರಡು ಹೆಜ್ಜೆ ಆಚೆ ಅಮ್ಮ ನಿಂತಿದ್ದಾಳೆ, ಅವಳಿಗೆ ಏನೂ ಇಲ್ಲ. ಮೇಲಿನ ಮನೆಯವರು ಕೋಲಿನಿಂದ ನೆಲ ಕುಟ್ಟಿದರು. ನನ್ನ ಮಾತು ಮುಟ್ಟಿದ್ದು ಅವರಿಗೊಬ್ಬರಿಗೇ.

ಬೆಳಿಗ್ಗೆ ಅಮ್ಮ ಏನೂ ಆಗದವಳ ಹಾಗೆ ಟೀ ಕೊಟ್ಟಳು. ಆಮೇಲಿಂದ ಅಗತ್ಯಕ್ಕೆ ಬೇಕಾದಷ್ಟೇ ಕೈ ಆಡಿಸುತ್ತಾಳೆ. ಅವಳಿಗೆ ನನ್ನನ್ನು ಬಿಡಲು ಇಷ್ಟವಿಲ್ಲ. ನೀವು 'ಬಾ' ಎನ್ನುತ್ತೀರಿ, ಇವಳು ದೀಪ ಆರಿಸುತ್ತಾಳೆ. ಅತ್ತ ದರಿ, ಇತ್ತ ಪುಲಿ. ಆದರೂ ಬರುತ್ತೇನೆ.

ಗುಬ್ಬಿ


ಮಾರ್ಚ್ ೨೭

ಗುಬ್ಬಿ,

ಅಕ್ಷರ ಬೇರೆಯಾಗಿದೆ ಎಂದು ಗಾಬರಿಯಾಗಬೇಡ. ಇಲ್ಲಿಯ ನರ್ಸಿಂಗ್ ಹುಡುಗಿಯೊಬ್ಬಳು ನಾನು ಹೇಳಿದ್ದನ್ನು ಬರೆಯುತ್ತಿದ್ದಾಳೆ. ದೀಪ ಮಂದವಾಗಿರಲಿಲ್ಲ ಮಗಳೇ. ನನ್ನ ಬಲಗಣ್ಣು ಹೋಗಿ ವರ್ಷವಾಯಿತು, ಎಡಗಣ್ಣಿನಲ್ಲಿ ಹೊಗೆ ತುಂಬಿದ ಹಾಗಿದೆ. ನಿನ್ನ ಈ ಸಲದ ಕಾಗದವನ್ನು ಓದಲಾಗಲೇ ಇಲ್ಲ, ಇವಳ ಕೈಲಿ ಓದಿಸಿದೆ.

ನೀನು ಕತ್ತಲಲ್ಲಿ ಕಿರುಚಿದ ಕಡೆ ಬಂದಾಗ ಹುಡುಗಿ ಓದುವುದನ್ನು ನಿಲ್ಲಿಸಿದಳು. ‘ಈ ಅಕ್ಕ ಇಲ್ಲಿಗೆ ಬಂದು ಏನು ಮಾಡ್ತಾರಮ್ಮ?’ ಎಂದು ಕೇಳಿದಳು.

‘ಬೀಗದ ಕೈ ಇಟ್ಕೊಳ್ತಾಳೆ’ ಅಂದೆ.

‘ಅಷ್ಟಕ್ಕಾ?’ ಅಂದಳು.

ಆ ಮಾತು ಮೂರು ದಿನದಿಂದ ನನ್ನನ್ನು ಮಲಗಲು ಬಿಟ್ಟಿಲ್ಲ. ಅವಳ ಕೈಯಿಂದಲೇ ಇದನ್ನು ಬರೆಸುತ್ತಿರುವುದೂ ಅದಕ್ಕೇ. ಇಬ್ಬರ ಎದುರಿಗಾದರೂ ನಿಜ ಹೇಳಿದ ಹಾಗಾಗುತ್ತದೆ.

ಇಲ್ಲಿ ರೋಗಿಗಳ ಪಕ್ಕ ಕೂತು ಪ್ರಾರ್ಥಿಸುವ ಕೆಲಸ ನಿನಗಿರುವುದಿಲ್ಲ. ನನಗೂ ಇರಲಿಲ್ಲ. ದೊಡ್ಡ ಸೇವೆಗೆ ಕರೆ ಬಂತೆಂದು ಊರಿಗೆಲ್ಲ ಹೇಳಿ ಬಂದವಳಿಗೆ ಇಲ್ಲಿ ಸಿಕ್ಕಿದ್ದು ಈ ಬೀಗದ ಕೈಗಳ ಗೊಂಚಲು. ಬಾಗಿಲು ತೆಗೆ, ಬಾಗಿಲು ಹಾಕು, ಹೊದಿಕೆ ಎಣಿಸು, ತಡವಾಗಿ ಬಂದವರನ್ನು ಬೈ. ಹುಡುಗಿಯರು ನನ್ನನ್ನು ಕಂಡರೆ ಗೋಡೆಗೆ ಸರಿದು ನಿಲ್ಲುತ್ತಾರೆ. ವಾಪಸು ಬರಲು ಮುಖವಿರಲಿಲ್ಲ. ಕಣ್ಣು ಹೋದ ಮೇಲೆ ಬಿಟ್ಟುಬಿಡಿ ಎಂದು ಬೇಡಿಕೊಂಡೆ. ದೊಡ್ಡ ಡಾಕ್ಟರು, ‘ನಿಮ್ಮ ಜಾಗಕ್ಕೆ ನಂಬಿಗಸ್ತರು ಒಬ್ಬರು ಸಿಕ್ಕ ದಿನ ಹೋಗಿ’ ಎಂದರು. ಇಬ್ಬರು ಬಂದರು, ಇಬ್ಬರೂ ಓಡಿದರು. ಆಗ ಪ್ರಾರ್ಥನೆಗೆ ಕೂತೆ, ನಿನ್ನ ಮುಖ ಬಂತು. ಅದು ಕರ್ತನಿಂದ ಬಂತೋ, ಓಡಿಹೋಗುವ ನನ್ನ ಅವಸರದಿಂದ ಬಂತೋ ಎಂದು ನಾನು ಕೇಳಿಕೊಳ್ಳಲಿಲ್ಲ. ನನ್ನ ಗುಬ್ಬಿ ನಂಬಿಗಸ್ತಳು, ಸ್ಟೂಲಿನ ಮೇಲೆ ನಿಲ್ಲಿಸಿದರೆ ಇಳಿಯುವುದಿಲ್ಲ ಎಂದು ಮಾತ್ರ ಗೊತ್ತಿತ್ತು.

ಆ ಮುದಿ ಯಾಜಕನ ಕಣ್ಣೂ ಮಂಜಾಗಿತ್ತು, ನಿನಗೆ ಪಾಠ ಮಾಡಿದಾಗ ಅದನ್ನು ಹೇಳಿದ್ದೆನೋ ಇಲ್ಲವೋ. ಆದರೆ ಹುಡುಗ ಓಡಿಬಂದಾಗ ಅವನು ‘ನಾನು ಕರೆಯಲಿಲ್ಲ’ ಎಂದ. ಅಷ್ಟು ಹೇಳುವ ನಿಯತ್ತು ಅವನಿಗಿತ್ತು. ನನಗಿರಲಿಲ್ಲ. ನಿನ್ನನ್ನು ಕರೆದದ್ದು ಕರ್ತನಲ್ಲ ಗುಬ್ಬಿ. ನಾನು.

ಈಗ ಬರಬೇಡ ಎನ್ನಲೂ ನನಗೆ ಬಾಯಿಲ್ಲ. ಈ ಕಾಗದ ಮುಟ್ಟುವ ಮುಂಚೆ ನೀನು ರೈಲು ಹತ್ತಿದರೆ ಏನು ಮಾಡಲಿ ದೇವರೇ ಎಂದು ಈ ಹುಡುಗಿಯನ್ನು ಅಂಚೆಗೆ ಓಡಿಸುತ್ತಿದ್ದೇನೆ.

ಟೀಚರಮ್ಮ


ಏಪ್ರಿಲ್ ೯

ಪ್ರೀತಿಯ ಟೀಚರಮ್ಮ, ಮತ್ತು ಇದನ್ನು ಓದಿ ಹೇಳುತ್ತಿರುವ ತಂಗಿಗೆ,

ನಿಮ್ಮ ಕಾಗದ ಹೋದ ಬುಧವಾರ ಬಂತು. ಓದಿ ಗೋಡೆಗೆ ಎಸೆದೆ. ಎತ್ತಿಕೊಂಡು ಇನ್ನೊಮ್ಮೆ ಓದಿ ಮತ್ತೆ ಎಸೆದೆ. ಇಷ್ಟು ವರ್ಷ ನೀವು ತಲೆ ಮೇಲಿಟ್ಟ ಕೈಯ ಭಾರ ಹೊತ್ತುಕೊಂಡು ತಿರುಗಿದವಳು ನಾನು. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೂ ಇದೆ. ಆದರೆ ರೈಲು ಸೋಮವಾರವೇ ಹೋಗಿತ್ತು, ನನ್ನನ್ನು ಬಿಟ್ಟು. ನಿಮ್ಮ ಕಾಗದ ನನ್ನನ್ನು ಉಳಿಸಿತೆಂದು ನೀವು ಸಮಾಧಾನ ಮಾಡಿಕೊಳ್ಳುವಂತೆಯೂ ಇಲ್ಲ.

ನಿಲ್ಲಿಸಿದವಳು ಅಮ್ಮ. ಕೊನೆಯ ಭಾನುವಾರವಾದರೂ ನಿಯತ್ತಾಗಿ ಇರೋಣ ಎಂದು ಅಯ್ಯನವರು ಹೇಳಿದ್ದನ್ನು ಅಕ್ಷರ ಬಿಡದೆ ಹೇಳುತ್ತಿದ್ದೆ. ಇಸ್ತ್ರಿ ಮಾವ ಆಕಳಿಸಿದ. ಹಣ್ಣಿನ ಅಜ್ಜಿ ಚೀಲದ ಗಂಟು ಬಿಚ್ಚಿ ಕಟ್ಟಿದಳು. ನಡುವೆ ಅಮ್ಮ ಕೈ ಎತ್ತಿದಳು, ಶಾಲೆಯಲ್ಲಿ ಮಕ್ಕಳು ಎತ್ತುವ ಹಾಗೆ.

‘ಇದು ಅಯ್ಯನವರ ಮಾತು. ನಿನ್ನದು ಎಲ್ಲಿ?’ ಎಂದು ಕೇಳಿದಳು.

ನನ್ನ ಕೈ ಹೇಳುವುದು ಅಯ್ಯನವರ ಮಾತಲ್ಲವೆಂದು ಬೆಂಚಿನವರಿಗೆಲ್ಲ ಮೊದಲ ದಿನವೇ ಗೊತ್ತಾಗಿತ್ತಂತೆ! ನಾನು ಪೀಠಕ್ಕೆ ಬೆನ್ನು ಹಾಕಿ ನಿಲ್ಲುತ್ತೇನೆ. ಅವರು ನನ್ನನ್ನೂ ನೋಡುತ್ತಾರೆ, ನನ್ನ ಹೆಗಲಾಚೆ ಅಯ್ಯನವರನ್ನೂ ನೋಡುತ್ತಾರೆ. ಇಷ್ಟು ವರ್ಷ ಅಲ್ಲಿ ನಿಂತ ನನಗೆ ಇದು ಹೊಳೆಯಲಿಲ್ಲವಲ್ಲ, ಎಂಥ ಪೆದ್ದಿ ನಾನು. ‘ಅಯ್ಯನವರು ನಗ್ತಿದ್ರು, ನಿನ್ನ ಕೈ ಅಳ್ತಿತ್ತು. ಗೊತ್ತಾಗಲ್ವಾ?’ ಅಂದಳು ಅಮ್ಮ. ಆಮೇಲೆ ಮೀನಿನ ಹೊಟ್ಟೆ ತೋರಿಸಿ, ನನ್ನ ಎದೆಯತ್ತ ಬೆರಳು ಮಾಡಿ, ‘ಹೊರಗೆ ಬಂದ್ಯಾ?’ ಎಂದು ಕೇಳಿದಳು. ಪ್ರವಾದಿಯ ಕಥೆ ಅವರಿಗೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಅಷ್ಟೂ ವಾರ ಅವರು ಕಾದದ್ದು ಅವನಿಗಲ್ಲ.

ನನ್ನ ಕೈ ಬಿದ್ದುಹೋಯಿತು. ಹಿಂದೆ ಪ್ರಸಂಗವೂ ನಿಂತಿತು. ‘ಏನಮ್ಮ, ಏನಾಯ್ತು?’ ಅಂದರು ಅಯ್ಯನವರು. ಆರಾಧನೆ ಮುಗಿದ ಮೇಲೆ ಒಳಕೋಣೆಯಲ್ಲಿ ಅವರಿಗೆ ಎಲ್ಲ ಹೇಳಿದೆ. ಪಾಪ, ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು.

‘ಹಾಗಾದ್ರೆ ಇಷ್ಟು ವಾರದಿಂದ ನನ್ನ ಪ್ರಸಂಗ ಆ ಬೆಂಚಿಗೆ ಹೋಗೇ ಇಲ್ವಾ?’

‘ಇಲ್ಲ ಅಯ್ಯನವರೇ.’

‘ಚೆನ್ನಾಗಿತ್ತಾ, ನಿನ್ನದು?’ ಎಂದು ಕೇಳಿದರು. ಅದಕ್ಕೆ ನಾನು ಅತ್ತುಬಿಟ್ಟೆ ಟೀಚರಮ್ಮ.

ಆವತ್ತು ಸಂಜೆ ಸ್ವಿಚ್ಚಿನ ಹತ್ತಿರದ ಕುರ್ಚಿಯಲ್ಲಿ ಅಮ್ಮ ನನ್ನನ್ನೇ ಕೂರಿಸಿದಳು. ದೀಪ ಆರಿಸಿದ್ದು ನಾನು ಹೋಗುತ್ತೇನೆಂದು ಅಲ್ಲವಂತೆ. ತಾನು ಅಳುವುದು ನನಗೆ ಕಾಣಬಾರದೆಂದು ಆರಿಸಿದಳಂತೆ. ‘ನೀನು ಹುಟ್ಟೋ ಮುಂಚೆನೂ ನಾನು ಆ ಬೆಂಚಲ್ಲೇ ಕೂರ್ತಿದ್ದೆ. ಕೈಯಲ್ಲಿ ಹೇಳೋರು ಯಾರೂ ಇರಲಿಲ್ಲ. ಆಗಲೂ ದೇವರಿದ್ದ. ನಮಗೋಸ್ಕರ ಅಂತ ನಿಂತ್ಕೋಬೇಡ, ಹೋಗೋದಾದ್ರೆ ಹೋಗು’ ಅಂದಳು. ನನ್ನನ್ನು ಕಟ್ಟಿದ್ದ ಹಗ್ಗವನ್ನು ಅವಳೇ ಬಿಚ್ಚಿ ಕೈಗೆ ಕೊಟ್ಟರೆ ಕುಣಿಯಬೇಕಿತ್ತಲ್ಲವೇ? ಕುಣಿಯಲಿಲ್ಲ. ನಾನಿಲ್ಲದೆಯೂ ನಡೆಯುತ್ತದೆಂದು ಕೇಳಿಸಿಕೊಳ್ಳುವುದು ಅಷ್ಟು ಸುಖವಲ್ಲ. ಬೆಳಿಗ್ಗೆ ಚೀಲ ಕಟ್ಟಿಯೇ ಇತ್ತು, ಬಾಗಿಲೂ ತೆರೆದಿತ್ತು. ಹೊಸ್ತಿಲಲ್ಲಿ ಕೂತು ರೈಲಿನ ಹೊತ್ತು ಮೀರಿಸಿದೆ. ‘ಹೊರಗೆ ಬಂದ್ಯಾ’ ಎಂದು ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಹೇಗೆ ಹೋಗುವುದು?

ಮೊನ್ನೆ ಭಾನುವಾರ ಅಯ್ಯನವರು ಪ್ರಸಂಗಪೀಠ ನನಗೆ ಬಿಟ್ಟು, ತಾವು ಬಂದು ಕೈಬೆಂಚಿನ ತುದಿಯಲ್ಲಿ ಕೂತರು. ‘ಬಾಯಲ್ಲಿ ಏನೂ ಹೇಳ್ಬೇಡ. ಅವರಿಗೆ ಹೇಳೋ ಹಾಗೇ ಹೇಳು’ ಅಂದರು. ಇಷ್ಟು ವರ್ಷ ಆ ಐದು ಮುಖ ಮಾತ್ರ ನೋಡುತ್ತಿದ್ದವಳು ಮೊದಲ ಸಲ ಇಡೀ ಚರ್ಚಿನ ಮುಖ ನೋಡಿದೆ. ಕಾಲು ಗಂಟೆ ಅಲ್ಲಿ ಒಂದು ದನಿಯಿಲ್ಲ. ಕಿವಿ ಇದ್ದವರೆಲ್ಲ ಏನೂ ತಿಳಿಯದೆ ಪಿಳಿಪಿಳಿ ನೋಡುತ್ತಾ ಕೂತಿದ್ದರು, ನಾನು ಹುಟ್ಟುವ ಮುಂಚೆ ಅಮ್ಮ ಕೂತಿದ್ದ ಹಾಗೆ. ಮುಂದಿನ ಬೆಂಚು ಮಾತ್ರ ನಗುವಲ್ಲಿ ನಕ್ಕಿತು. ಇಸ್ತ್ರಿ ಮಾವ ಅಯ್ಯನವರ ಭುಜ ತಟ್ಟಿ ತಟ್ಟಿ ವಿವರಿಸುತ್ತಿದ್ದ. ಅವರಿಗೆ ಒಂದೂ ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದರು.

ಅಲ್ಲಿ ನಿಂತು ಅಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹೊರಗೆ ಬಂದೆಯಾ ಎಂದರೆ, ಇಲ್ಲ. ಇನ್ನೂ ಒಳಗೇ ಇದ್ದೇನೆ. ಆದರೆ ಆ ಪ್ರವಾದಿ ಪ್ರಾರ್ಥನೆ ಮಾಡಿದ್ದು ದಡಕ್ಕೆ ಬಿದ್ದ ಮೇಲಲ್ಲ, ಹೊಟ್ಟೆಯೊಳಗಿದ್ದಾಗಲೇ. ನಾನೂ ಅಲ್ಲಿಂದಲೇ ಮಾತಾಡುತ್ತಿದ್ದೆ. ಪಾಪ ಮಾಡುತ್ತಿದ್ದೇನೆ ಎಂದುಕೊಂಡೆ, ಅವರು ಅದನ್ನು ಪ್ರಸಂಗ ಎಂದುಕೊಂಡರು. ಇದು ಕರೆಯೋ ಏನೋ ನನಗೆ ಗೊತ್ತಿಲ್ಲ. ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಸೋಮವಾರ ಮತ್ತೆ ಕಾರ್ಖಾನೆಗೆ ಹೋದೆ, ‘ಬಂದ್ಯಾ ತಾಯಿ’ ಎಂದು ಮೇಸ್ತ್ರಿ ಕೈ ಮುಗಿದ. ಅದೇ ಅಂಟು, ಅದೇ ಗದ್ದಲ. ಊಟದ ಹೊತ್ತಿಗೆ ಮಾತ್ರ ಆ ಗಂಡ-ಹೆಂಡತಿ ಹತ್ತಿರ ಬಂದು, ‘ಮುಂದಿನ ವಾರ ಏನು ಹೇಳ್ತೀಯಾ?’ ಎಂದು ಕೇಳಿದರು.

ನಿಮ್ಮ ಕಾಗದವನ್ನು ಅಮ್ಮನಿಗೆ ಕೈಯಲ್ಲಿ ಓದಿ ಹೇಳಿದೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ‘ಹಾಗಾದ್ರೆ ಆ ಟೀಚರಮ್ಮನೂ ಒಳಗೇ ಇದಾಳೆ’ ಅಂದಳು. ‘ಬಾ ಅಂತ ಬರಿ’ ಅಂದಳು. ನಾನು ಒಪ್ಪಲಿಲ್ಲ. ‘ಬಾ’ ಎಂಬ ಮಾತಿಗೆ ಒಬ್ಬರನ್ನು ಏನೇನು ಮಾಡುವ ಶಕ್ತಿ ಇದೆಯೆಂದು ನೋಡಿದ್ದೇನೆ. ಆ ಗೊಂಚಲನ್ನು ದೊಡ್ಡ ಡಾಕ್ಟರ ಮೇಜಿನ ಮೇಲಿಡುವುದೋ ಬಿಡುವುದೋ ನೀವುಂಟು, ನಿಮ್ಮ ಕರ್ತನುಂಟು. ನಾನು ಕರೆಯುವುದಿಲ್ಲ.

ಆದರೆ ಒಂದು ವಿಷಯ ತಿಳಿದಿರಲಿ. ಬುಧವಾರದಿಂದ ಅಮ್ಮ ಮುಂದಿನ ಕೋಣೆಯ ದೀಪ ಆರಿಸಲು ನನ್ನನ್ನು ಬಿಡುತ್ತಿಲ್ಲ. ‘ಕರೆಂಟು ಸುಮ್ನೆ ಬರುತ್ತಾ, ಯಾಕಮ್ಮ?’ ಎಂದರೆ, ‘ಆ ಟೀಚರಮ್ಮನ ಜೊತೆ ಮಾತು ಇನ್ನೂ ಮುಗಿದಿಲ್ಲ’ ಎನ್ನುತ್ತಾಳೆ.

ಗುಬ್ಬಿ